ಕೊಬ್ಬಿನ ಕೋಶವನ್ನು ಒಡೆಯದಂತೆ ಬಿಡಿಸುವುದು: ಕಲಬುರಗಿಯ ಪ್ರಯೋಗಾಲಯದ ಅನುಭವ

ಅಂಗಾಂಶದಿಂದ ಬಿಡಿಸಿದ ಕೊಬ್ಬಿನ ಕೋಶಗಳನ್ನು ಕೊಳವೆಯಲ್ಲಿ ಐದು ನಿಮಿಷ ಅಲುಗಾಡಿಸದೆ ನಿಲ್ಲಿಸಿ ನೋಡಿ. ಕೆಳಗೆ ತೆಳು ಕೆಂಪು ದ್ರಾವಣ, ಅದರ ಮೇಲೆ ಆಗತಾನೇ ಕಡೆದ ಬೆಣ್ಣೆಯಂಥ ಪದರ. ಅದೇ ಒಡೆಯದೆ ಉಳಿದ ಕೋಶಗಳು. ಅದರ ಮೇಲೂ ಕುಸುಬಿ ಎಣ್ಣೆಯಂತೆ ತಿಳಿಯಾದ ಹಳದಿ ಪದರ ಹೊಳೆಯುತ್ತಿದ್ದರೆ, ಕೋಶಗಳು ಒಡೆದಿವೆ ಎಂದರ್ಥ. ಎಣ್ಣೆಯ ಪದರ ಬೆಣ್ಣೆ ಪದರದ ಐದನೇ ಒಂದು ಪಾಲು ದಾಟಿದರೆ ಆ ಮಾದರಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಷ್ಟು ಕಟ್ಟುನಿಟ್ಟಿಗೆ ಕಾರಣವಿದೆ. ಮೊದಲು ಒಡೆಯುವುದು ದೊಡ್ಡ ಕೋಶ. ಮಧುಮೇಹದ ಸಂಶೋಧನೆಯಲ್ಲಿ ನಮಗೆ ಬೇಕಾಗಿರುವುದೂ ಅದೇ. ಚರ್ಮದಡಿಯ ಕೊಬ್ಬಿನ ಕೋಶಗಳು ಹೊಸದಾಗಿ ಹುಟ್ಟದೆ ಇದ್ದವೇ ಉಬ್ಬುತ್ತಾ ಹೋದರೆ, ಜಾಗ ಸಾಲದ ಕೊಬ್ಬು ಯಕೃತ್ತು, ಸ್ನಾಯುಗಳಿಗೆ ಹೋಗಿ ಕೂರುತ್ತದೆ, ಇನ್ಸುಲಿನ್ ಕೆಲಸ ಕೆಡುತ್ತದೆ. ನಮ್ಮವರಲ್ಲಿ ನೋಡಲು ತೆಳ್ಳಗಿದ್ದು ಹೊಟ್ಟೆಯಷ್ಟೇ ಮುಂದೆ ಬಂದವರಿಗೂ ಸಕ್ಕರೆ ಕಾಯಿಲೆ ಬರುವುದರ ಹಿಂದೆ ಇದೂ ಒಂದು ಕಾರಣ. ಅದಕ್ಕೇ ಭಾರತೀಯರಿಗೆ ಬಿಎಂಐ 23ಕ್ಕೇ ಎಚ್ಚರಿಕೆ, ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಎಂಬ ಗಡಿ. ದೊಡ್ಡ ಕೋಶಗಳೆಲ್ಲ ಎಣ್ಣೆಯಾಗಿ ಹೋದರೆ ಉಳಿದ ಚಿಕ್ಕವುಗಳ ಸರಾಸರಿ ತೆಗೆದು ‘ವ್ಯತ್ಯಾಸವಿಲ್ಲ’ ಎಂದು ಬರೆದಂತಾಗುತ್ತದೆ. ರೋಗಿ ಕೊಟ್ಟ ಮಾದರಿಗೆ ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ.

ಮಾದರಿ ಸಿಗುವುದು ಹೆಚ್ಚಾಗಿ ಪಿತ್ತಕೋಶದ ಕಲ್ಲಿನ ಆಪರೇಷನ್‌ನಲ್ಲಿ. ನೈತಿಕ ಸಮಿತಿಯ ಒಪ್ಪಿಗೆ ಪಡೆದ ಮೇಲೆ ರೋಗಿಯ ಒಪ್ಪಿಗೆ. ಇಲ್ಲಿ ಕನ್ನಡದ ಜೊತೆ ಉರ್ದು ಪತ್ರವೂ ಕೈಯಲ್ಲಿರಬೇಕು. ‘ಕೊಬ್ಬು ತೆಗೀತಾರ’ ಎಂದರೆ ತೂಕ ಇಳಿಸುತ್ತಾರೆ ಎಂದುಕೊಳ್ಳುವವರು ಬಹಳ. ‘ಅಕ್ಕಾರ, ಒಂದು ಶೇಂಗಾಕಾಯಿಯಷ್ಟೇ ತಗೋತೀವ್ರಿ, ಇದರಿಂದ ತೂಕ ಇಳಿಯಂಗಿಲ್ಲ’ ಎಂದು ಬಿಡಿಸಿ ಹೇಳಿಯೇ ಸಹಿ ಪಡೆಯಬೇಕು. ಚರ್ಮದಡಿಯದು 2 ಗ್ರಾಂ, ಕರುಳಿನ ಮುಂದೆ ಪರದೆಯಂತೆ ಇಳಿಬಿದ್ದ ಓಮೆಂಟಮ್‌ನದು 2 ಗ್ರಾಂ. ಕತ್ತರಿಯಿಂದಲೇ ತೆಗೆಯಿರಿ ಎಂದು ಸರ್ಜನ್‌ರಿಗೆ ಮೊದಲೇ ಹೇಳಿರಬೇಕು. ಕಾಟರಿಯಿಂದ (ಬಿಸಿಯಿಂದ ಕೊಯ್ಯುವ ಉಪಕರಣ) ಸುಟ್ಟ ಅಂಚು ಕೊಳವೆಯಲ್ಲಿ ಬರೀ ಎಣ್ಣೆ ಬಿಡುತ್ತದೆ.

ಓಟಿಯಿಂದ ಬೆಂಚಿನವರೆಗಿನ ದಾರಿಯಲ್ಲೇ ಅರ್ಧ ಪ್ರಯೋಗ ಗೆಲ್ಲುತ್ತದೆ ಅಥವಾ ಸೋಲುತ್ತದೆ. ಬೇರೆ ಅಂಗಾಂಶಗಳನ್ನು ಐಸ್‌ನಲ್ಲಿ ಒಯ್ಯುವ ರೂಢಿ ನೋಡಿ ಹೊಸಬರು ಕೊಬ್ಬನ್ನೂ ಐಸ್‌ನಲ್ಲಿಡುತ್ತಾರೆ. ಕೋಶದೊಳಗಿನ ಕೊಬ್ಬು ತಣ್ಣಗಾಗಿ ಗಟ್ಟಿಯಾಗುತ್ತದೆ, ಸುತ್ತಲಿನ ಪೊರೆ ತೀರಾ ತೆಳು, ಹರಿಯುತ್ತದೆ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಮೇಜಿನ ಮೇಲೆ ಹತ್ತು ನಿಮಿಷ ಬಿಟ್ಟರೂ ಇದೇ ತೊಂದರೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟಿದಾಗ ಇದಕ್ಕೆ ಉಲ್ಟಾ. ನಾವು ಅಗಲ ಬಾಯಿಯ ಫ್ಲಾಸ್ಕ್‌ನಲ್ಲಿ 37 ಡಿಗ್ರಿ ನೀರು ತುಂಬಿ, ಮುಚ್ಚಳ ಬಿಗಿದ ಕೊಳವೆಯನ್ನು ಅದರಲ್ಲಿ ಮುಳುಗಿಸಿ ತರುತ್ತೇವೆ. ಚಳಿಗೂ ಬಿಸಿಲಿಗೂ ಒಂದೇ ಉಪಾಯ. ಅರ್ಧ ಗಂಟೆಯೊಳಗೆ ಕೆಲಸ ಶುರುವಾಗಬೇಕು.

ಕೋಶ ಬಿಡಿಸಲು, ತೊಳೆಯಲು ಬಳಸುವ ದ್ರಾವಣ ಕ್ರೆಬ್ಸ್-ರಿಂಗರ್-ಹೆಪೆಸ್, ಅಂದರೆ ಲವಣಗಳ ಜೊತೆ ಪಿಎಚ್ ಹಿಡಿದಿಡುವ ಹೆಪೆಸ್ ಇರುವ ನೀರು. ಅದರಲ್ಲಿ ಶೇ. 2 ಅಲ್ಬುಮಿನ್ ಎಂಬ ಪ್ರೋಟೀನ್. ಕೊಬ್ಬಿನಾಮ್ಲ ತೆಗೆದ ಅಲ್ಬುಮಿನ್ ದುಬಾರಿ, ಆದರೂ ಅದೇ ಬೇಕು. ಕೋಶದಿಂದ ಹೊರಬಿದ್ದ ಕೊಬ್ಬಿನಾಮ್ಲವನ್ನು ಹೀರಿಕೊಳ್ಳುವುದು ಅದೇ. ಪಿಎಚ್ 7.4ಕ್ಕೆ ಹೊಂದಿಸುವಾಗ ದ್ರಾವಣ 37 ಡಿಗ್ರಿಯಲ್ಲೇ ಇರಬೇಕು. ಹೆಪೆಸ್‌ನ ಪಿಎಚ್ ಡಿಗ್ರಿಗೆ ಸುಮಾರು 0.014ರಂತೆ ಇಳಿಯುತ್ತದೆ. 25 ಡಿಗ್ರಿಯಲ್ಲಿ 7.4 ಮಾಡಿದ್ದು ವಾಟರ್ ಬಾತ್‌ನಲ್ಲಿ 7.23 ಆಗಿರುತ್ತದೆ. ನೀರು ಶುದ್ಧೀಕರಿಸಿದ್ದೇ ಆಗಬೇಕು, ನಲ್ಲಿಯದು ಬೇಡ.

ಅಂಗಾಂಶದಿಂದ ರಕ್ತನಾಳ, ನಾರು ತೆಗೆದು, ಚೂಪಾದ ಕತ್ತರಿಯಿಂದ ಜೋಳದ ಕಾಳಿನಷ್ಟು ತುಣುಕು ಮಾಡುತ್ತೇನೆ. ಮೊಂಡು ಕತ್ತರಿ ಕತ್ತರಿಸುವುದಿಲ್ಲ, ಜಜ್ಜುತ್ತದೆ. ಒಂದು ಗ್ರಾಂ ಅಂಗಾಂಶಕ್ಕೆ 3 ಮಿ.ಲೀ. ದ್ರಾವಣ, ಪ್ರತಿ ಮಿ.ಲೀ.ಗೆ 1 ಮಿ.ಗ್ರಾಂ. ಟೈಪ್ 1 ಕೊಲಾಜಿನೇಸ್, ಕೋಶಗಳನ್ನು ಹಿಡಿದಿಟ್ಟ ನಾರನ್ನು ಕರಗಿಸುವ ಕಿಣ್ವ. 1964ರಲ್ಲಿ ಅಮೆರಿಕದ ವಿಜ್ಞಾನಿ ಮಾರ್ಟಿನ್ ರಾಡ್‌ಬೆಲ್ ಈ ಕಿಣ್ವದಿಂದಲೇ ಮೊದಲು ಕೊಬ್ಬಿನ ಕೋಶಗಳನ್ನು ಬಿಡಿಸಿ ತೋರಿಸಿದರು. ಮೂಲ ಉಪಾಯ ಇಂದಿಗೂ ಬದಲಾಗಿಲ್ಲ. ಕಿಣ್ವಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು, ಹಾಗಾಗಿ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವ ಇಡಿಟಿಎ ಇರುವ ಯಾವ ಕೊಳವೆಯನ್ನೂ ಹತ್ತಿರ ತರಬೇಡಿ. ಕೊಲಾಜಿನೇಸ್ ಲಾಟ್‌ನಿಂದ ಲಾಟ್‌ಗೆ ಬೇರೆಯಾಗುತ್ತದೆ. ಹೊಸ ಲಾಟ್ ಬಂದಾಗ ಒಂದೇ ಮಾದರಿಯನ್ನು ಭಾಗ ಮಾಡಿ ಹಳೆಯದರ ಜೊತೆ ಹೋಲಿಸಿ ನೋಡಿ. ಮೈನಸ್ 20 ಡಿಗ್ರಿ ಫ್ರೀಜರ್‌ನಿಂದ ತೆಗೆದ ಕಿಣ್ವದ ಬಾಟಲಿಯನ್ನು ಮಳೆಗಾಲದಲ್ಲಿ ತಕ್ಷಣ ತೆರೆದರೆ ಒಳಗೆ ಹನಿ ಕಟ್ಟಿ ಪುಡಿ ಸತ್ತುಹೋಗುತ್ತದೆ. ಮುಚ್ಚಿಟ್ಟೇ ಕೋಣೆಯ ಬಿಸಿಗೆ ಬರಲು ಬಿಡಬೇಕು.

ಆಮೇಲೆ ಕೊಳವೆ ಶೇಕರ್‌ಗೆ: 37 ಡಿಗ್ರಿ, ನಿಮಿಷಕ್ಕೆ 100 ಸುತ್ತು. 30ನೇ ನಿಮಿಷಕ್ಕೆ ಒಮ್ಮೆ ನೋಡಿ, ತುಣುಕುಗಳು ಕರಗಿ ದ್ರಾವಣ ಗಂಜಿಯಂತಾದರೆ ಸಾಕು. 60 ನಿಮಿಷ ದಾಟಿಸಬೇಡಿ. ಓಮೆಂಟಮ್ ಬೇಗ ಕರಗುತ್ತದೆ, ಚರ್ಮದಡಿಯದಕ್ಕೆ ನಾರು ಹೆಚ್ಚು. ಕರೆಂಟ್ ಹೋದರೆ ಶೇಕರ್ ಇನ್ವರ್ಟರ್‌ನಲ್ಲಿ ತಿರುಗುತ್ತದೆ, ಹೀಟರ್ ಎಳೆಯುವುದಿಲ್ಲ. ಆಗ ಮತ್ತೆ ಅದೇ ಫ್ಲಾಸ್ಕ್.

ಸೋಸಲು 250 ಮೈಕ್ರಾನ್ ನೈಲಾನ್ ಜಾಲರಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 100 ಮೈಕ್ರಾನ್ ಜರಡಿ ದೊಡ್ಡ ಕೋಶಗಳನ್ನೇ ಸೀಳುತ್ತದೆ. ಗಾಜಿಗೆ ಕೋಶಗಳು ಅಂಟಿ ಒಡೆಯುತ್ತವೆ, ಎಲ್ಲವೂ ಪ್ಲಾಸ್ಟಿಕ್ ಇರಲಿ. ಪಿಪೆಟ್ ತುದಿಯನ್ನು ಬ್ಲೇಡ್‌ನಿಂದ ಓರೆಯಾಗಿ ಕತ್ತರಿಸಿ ಬಾಯಿ ಅಗಲ ಮಾಡಿ. ಸೆಂಟ್ರಿಫ್ಯೂಜ್ ಬೇಕಿಲ್ಲ, ಕೋಶಗಳು ತಾವೇ ತೇಲುತ್ತವೆ. ಉದ್ದ ಸೂಜಿಯ ಸಿರಿಂಜ್‌ನಿಂದ ಕೆಳಗಿನ ದ್ರಾವಣ ಎಳೆದು, ಬಿಸಿ ದ್ರಾವಣ ಹಾಕಿ, ಮೂರು ಸಲ ತೊಳೆಯುತ್ತೇನೆ. ಮೊದಲು ಎಳೆದ ದ್ರಾವಣವನ್ನು ಚೆಲ್ಲಬೇಡಿ, ಹೊಸ ಕೊಬ್ಬಿನ ಕೋಶವಾಗಬಲ್ಲ ಮೂಲಕೋಶಗಳು ಅದರಲ್ಲಿರುತ್ತವೆ.

ಅಳತೆ ಒಂದು ಗಂಟೆಯೊಳಗೆ ಆಗಬೇಕು. ಮೆಥಿಲೀನ್ ಬ್ಲೂ ಬಣ್ಣದ ಹನಿ ಸೇರಿಸಿ, ಸೂಕ್ಷ್ಮದರ್ಶಕದಲ್ಲಿ ಕನಿಷ್ಠ 200 ಕೋಶಗಳ ವ್ಯಾಸ ಅಳೆಯಬೇಕು. ಬಿಡಿ ಎಣ್ಣೆಯ ಹನಿ ಅಚ್ಚುಕಟ್ಟಾಗಿ ಗುಂಡಗಿದ್ದು ಅಂಚು ಹೊಳೆಯುತ್ತದೆ, ಎಲ್ಲೂ ನೀಲಿ ಚುಕ್ಕೆ ಇರುವುದಿಲ್ಲ. ಕೋಶದ ಅಂಚಿನಲ್ಲಿ ನ್ಯೂಕ್ಲಿಯಸ್ ನೀಲಿಯಾಗಿ, ಉಂಗುರಕ್ಕೆ ಕೂಡಿಸಿದ ಹರಳಿನಂತೆ ಕಾಣುತ್ತದೆ.

ಗಾತ್ರ ಲೆಕ್ಕಹಾಕುವಾಗ ಸರಾಸರಿ ವ್ಯಾಸವನ್ನೇ ಘನ ಮಾಡಿದರೆ ತಪ್ಪು. ಪ್ರತಿ ಕೋಶದ ವ್ಯಾಸದ ಘನವನ್ನೂ ತೆಗೆದು ಆಮೇಲೆ ಸರಾಸರಿ ಮಾಡಿ. ವ್ಯಾಸದ ಸರಾಸರಿ 100, ಹರಡಿಕೆ (ಸ್ಟ್ಯಾಂಡರ್ಡ್ ಡೀವಿಯೇಷನ್) 20 ಮೈಕ್ರಾನ್ ಇದ್ದರೆ ಈ ಎರಡು ದಾರಿಗಳ ನಡುವೆ ಶೇ. 12ರಷ್ಟು ಅಂತರ. 100 ಮೈಕ್ರಾನ್ ಕೋಶದಲ್ಲಿ ಸುಮಾರು 0.48 ಮೈಕ್ರೋಗ್ರಾಂ ಕೊಬ್ಬು, 120 ಮೈಕ್ರಾನ್‌ನದರಲ್ಲಿ 0.83. ವ್ಯಾಸ ಶೇ. 20 ಏರಿದರೆ ಹೊರೆ ಶೇ. 73 ಏರುತ್ತದೆ.

ಪ್ರತಿ ಮಾದರಿಯಿಂದ ಒಂದು ಚೂರನ್ನು ಶೇ. 10 ಫಾರ್ಮಲಿನ್‌ನಲ್ಲಿ ಪಕ್ಕಕ್ಕಿಡುತ್ತೇನೆ. ಸ್ಲೈಡ್ ಮಾಡಲು ಪ್ಯಾರಾಫಿನ್ ಮೇಣದಲ್ಲಿ ಕೂರಿಸಿದಾಗ ಅಂಗಾಂಶ ಕುಗ್ಗುತ್ತದೆ, ತೆಳು ಪದರ ಕೊಯ್ಯುವ ಬ್ಲೇಡ್ ಎಲ್ಲ ಕೋಶಗಳ ನಟ್ಟನಡುವೆಯೇ ಹಾಯುವುದಿಲ್ಲ, ಹಾಗಾಗಿ ಅಲ್ಲಿನ ವ್ಯಾಸ ನಿಜಕ್ಕಿಂತ ಚಿಕ್ಕದೇ ಬರಬೇಕು. ಅಷ್ಟಾಗಿಯೂ ಸ್ಲೈಡ್‌ನ ಸರಾಸರಿ ಬಿಡಿಸಿದ ಕೋಶಗಳದ್ದಕ್ಕಿಂತ ದೊಡ್ಡದಾಗಿ ಬಂದರೆ, ದೊಡ್ಡ ಕೋಶಗಳು ದಾರಿಯಲ್ಲಿ ಒಡೆದಿವೆ. ಆ ದಿನದ ಅಂಕಿಗಳ ಮೇಲೆ ಕೆಂಪು ಗೆರೆ ಎಳೆದು, ಫ್ಲಾಸ್ಕ್‌ನ ಥರ್ಮಾಮೀಟರ್‌ನಿಂದಲೇ ತಪಾಸಣೆ ಶುರು ಮಾಡುತ್ತೇನೆ.