ಫಾರ್ಮ್ಯಾಟ್ ಹೊಡೆಯುವ ಮೊದಲು ಪಿನ್ ಕಿತ್ತು ನೋಡಿ

ಧಾರವಾಡದ ನಮ್ಮ ಮನೆಯಲ್ಲಿ ಡೆಸ್ಕ್‌ಟಾಪ್ ಇರುವುದೇ ಮಲ್ಲಿಕಾರ್ಜುನ ಮನ್ಸೂರರ ಹಳೆಯ ರೆಕಾರ್ಡಿಂಗ್ ಕೇಳೋಕೆ ಅಂದರೂ ನಡೆಯುತ್ತದೆ. ಹೊಸ ಮಾನಿಟರ್ ಹಾಕಿದ ದಿನ ಸೌಂಡ್ ನಿಂತುಹೋಯಿತು. ಪಕ್ಕದ ಮನೆ ಹುಡುಗ ಬಂದು, "ಫಾರ್ಮ್ಯಾಟ್ ಹೊಡದ್ರ ಎಲ್ಲಾ ಸರಿ ಆಕ್ಕೈತ್ರಿ ಕಾಕಾ" ಅಂದ. ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕೋದು, ಎಲ್ಲದಕ್ಕೂ ಅವನದು ಅದೇ ಔಷಧ.

ನಾನು ಸ್ಪೀಕರ್ ಕಡೆಯಿಂದ ಹಿಂದಕ್ಕೆ ಬರುತ್ತೇನೆ. ಡ್ರೈವರ್ (ಕಂಪ್ಯೂಟರಿನ ಸೌಂಡ್ ಭಾಗವನ್ನು ನಡೆಸುವ ಸಾಫ್ಟ್‌ವೇರ್) ತಂಟೆ ಕೊನೆಗೆ. ಸ್ಪೀಕರ್ ಪಿನ್ ಕಿತ್ತು ಹಳೆಯ ಮೊಬೈಲ್‌ಗೆ ಚುಚ್ಚಿದೆ (ಎಷ್ಟೋ ಹೊಸ ಮೊಬೈಲ್‌ಗಳಿಗೆ ಆ ತೂತೇ ಇರೋದಿಲ್ಲ ಬಿಡಿ). ಹಾಡಿತು. ಅಲ್ಲಿಗೆ ಸ್ಪೀಕರ್, ವೈರ್ ಎರಡೂ ಸರಿ ಅಂತಾಯಿತು. ಆಮೇಲೆ ಸಿಪಿಯು ಹಿಂದೆ ನೋಡಿದೆ. ಪಿನ್ ಹಸಿರು ತೂತಿನಲ್ಲೇ ಇತ್ತು. ಗುಲಾಬಿ ಮೈಕಿಗೆ, ನೀಲಿ ಹೊರಗಿನ ಸೌಂಡ್ ಒಳಗೆ ತರೋಕೆ. ಮೇಜಿನ ಕೆಳಗೆ ಕತ್ತಲಲ್ಲಿ ಕೈ ಹಾಕಿದರೆ ಇವು ಅದಲುಬದಲು ಆಗೋದು ಮಾಮೂಲು.

ಆಮೇಲೆ ವಿಂಡೋಸ್‌ನ ಕಂಟ್ರೋಲ್ ಪ್ಯಾನಲ್‌ನ ಸೌಂಡ್‌ನಲ್ಲಿ ಪ್ಲೇಬ್ಯಾಕ್ ಪಟ್ಟಿ ತೆರೆದೆ. ಹಾಡು ಹಚ್ಚಿಟ್ಟು ಈ ಪಟ್ಟಿ ನೋಡಬೇಕು, ಯಾವ ಹೆಸರಿನ ಪಕ್ಕ ಹಸಿರು ಗೆರೆಗಳು ಕುಣಿಯುತ್ತವೋ ಸೌಂಡ್ ಅಲ್ಲಿಗೆ ಹೋಗುತ್ತಿದೆ ಅಂತ ಅರ್ಥ. ಕುಣಿಯುತ್ತಿದ್ದದ್ದು ಮಾನಿಟರ್ ಹೆಸರಿನ ಪಕ್ಕ! ಎಚ್‌ಡಿಎಂಐ ಕೇಬಲ್ ಚಿತ್ರದ ಜೊತೆ ಸೌಂಡನ್ನೂ ಒಯ್ಯುತ್ತದೆ, ಆದರೆ ನಮ್ಮ ಮಾನಿಟರ್‌ಗೆ ಸ್ಪೀಕರೇ ಇಲ್ಲ. ಸ್ಪೀಕರ್ ಹೆಸರನ್ನು ಡಿಫಾಲ್ಟ್ ಮಾಡಿ, ಮಾನಿಟರ್ ಮೇಲೆ ರೈಟ್ ಕ್ಲಿಕ್ ಹೊಡೆದು ಡಿಸೇಬಲ್ ಮಾಡಿದೆ. ಮುಗಿಯಿತು.

ಜಾಸ್ತಿ ಕಾಡಿದ್ದು ಇನ್ನೊಂದು. ಸ್ಪೀಕರ್ ತೆಗೆದು ಕಂಪ್ಯೂಟರನ್ನು ದೊಡ್ಡ ಆಂಪ್ಲಿಫೈಯರ್‌ಗೆ ಜೋಡಿಸಿದ ಮೇಲೆ ಹಾಡಿನ ತಂಬೂರಿ ಹಿಂದೆ ಗುಂಯ್ ಅನ್ನೋ ಸದ್ದು ಶುರುವಾಯಿತು. ಹಾಡು ನಿಲ್ಲಿಸಿದರೂ ಅದು ನಿಲ್ಲದು. ನಮ್ಮ ಕರೆಂಟು 50 ಹರ್ಟ್ಜ್, ಅದರದೇ ಶ್ರುತಿ ಇದು. ಆಂಪ್ಲಿಫೈಯರ್‌ಗೆ ಟಿವಿಯ ಸೆಟ್‌ಟಾಪ್ ಬಾಕ್ಸ್ ಕೂಡ ಸೇರಿಸಿದ್ದೆ, ಅದಕ್ಕೆ ಬರುವ ಕೇಬಲ್ ಕಿತ್ತ ಕೂಡಲೇ ಸದ್ದು ಮಾಯ. ಕಂಪ್ಯೂಟರ್ ಒಂದು ಕಡೆ ಅರ್ಥಿಂಗ್ ಹಿಡಿದಿರುತ್ತದೆ, ಟಿವಿ ಕೇಬಲ್ ಇನ್ನೊಂದು ಕಡೆ. ಎರಡರ ನಡುವೆ ಸ್ವಲ್ಪ ಕರೆಂಟು ಸೌಂಡ್ ವೈರ್ ಮೂಲಕವೇ ಓಡಾಡುತ್ತದೆ, ಇದಕ್ಕೇ ಗ್ರೌಂಡ್ ಲೂಪ್ ಅನ್ನೋದು. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಇದು ಸರಿಹೋಗುತ್ತದೆ, ನಮ್ಮಲ್ಲಿ ಹೋಗಲಿಲ್ಲ, ಕೇಬಲ್ ಅಂತೂ ಹೊರಗಿನಿಂದಲೇ ಬರಬೇಕಲ್ವಾ. ಕೊನೆಗೆ ಕಂಪ್ಯೂಟರ್ ಮತ್ತು ಆಂಪ್ಲಿಫೈಯರ್ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿದೆ. ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುವ ಡಬ್ಬಿ ಅದು, ಸೌಂಡ್ ದಾಟುತ್ತದೆ, ವೈರಿನ ನೇರ ಸಂಪರ್ಕ ತಪ್ಪುತ್ತದೆ.

ಕೆಲವರು ಪ್ಲಗ್ಗಿನ ಮೂರನೇ ಪಿನ್ನನ್ನೇ, ಅಂದರೆ ಅರ್ಥಿಂಗ್ ಪಿನ್ನನ್ನೇ, ಮುರಿದು ಗುಂಯ್ ನಿಲ್ಲಿಸುತ್ತಾರೆ. ದಯವಿಟ್ಟು ಬೇಡ. ಒಳಗೆ ಏನಾದರೂ ಕೆಟ್ಟರೆ ಸಿಪಿಯು ಡಬ್ಬಿ ಮುಟ್ಟಿದವರಿಗೇ ಶಾಕ್.

ಇನ್ನು ಸಿಪಿಯು ಹಿಂದಿನ ತೂತು ಹಾಡಿ ಮುಂದಿನದು ಸುಮ್ನಿದ್ದರೆ, ಕರೆಂಟು ತೆಗೆದು ಡಬ್ಬಿ ಬಿಚ್ಚಿ, ಎಚ್‌ಡಿ ಆಡಿಯೋ ಅಂತ ಬರೆದ ಸಣ್ಣ ಕನೆಕ್ಟರ್ ಮದರ್‌ಬೋರ್ಡಿನಿಂದ ಸಡಿಲಾಗಿದೆಯಾ ನೋಡಿ. ಧೂಳು ಒರೆಸುವಾಗ ಅದು ಕಿತ್ತು ಬರೋದೇ ಜಾಸ್ತಿ.