ಬೂಟ್ ಡಿಸ್ಕ್ ಕಾಣಿಸದಿದ್ದರೆ: ಫಾರ್ಮ್ಯಾಟ್‌ಗೆ ಮೊದಲು ಮಾಡಬೇಕಾದ ತಪಾಸಣೆ

ದಾವಣಗೆರೆಯ ಮಂಡಿಪೇಟೆಯ ಸಗಟು ಅಂಗಡಿಗಳಲ್ಲಾಗಲಿ, ಎಪಿಎಂಸಿ ಪ್ರಾಂಗಣದ ದಲ್ಲಾಳಿ ಮಳಿಗೆಗಳಲ್ಲಾಗಲಿ ರೈತರ ಬಾಕಿ, ಮುಂಗಡ, ಖರೀದಿಯ ಲೆಕ್ಕವೆಲ್ಲ ಒಂದೇ ಕಂಪ್ಯೂಟರಿನ ಟ್ಯಾಲಿಯಲ್ಲಿ ಇರುವುದು ಈಗ ಸಾಮಾನ್ಯ. ಮೆಕ್ಕೆಜೋಳದ ಆವಕ ಜೋರಾಗಿರುವ ಹೊತ್ತಿನಲ್ಲಿಯೇ ಆ ಕಂಪ್ಯೂಟರ್ ಕಪ್ಪು ಪರದೆಯ ಮೇಲೆ ‘ನೋ ಬೂಟಬಲ್ ಡಿವೈಸ್’ ಎಂದೋ ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಎಂದೋ ತೋರಿಸಿ ನಿಂತುಬಿಟ್ಟರೆ, ಸುತ್ತಲಿನವರಿಂದ ಬರುವ ಮೊದಲ ಮಾತು ‘ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಹೊಡೆಸಿ’ ಎಂಬುದು. ಈ ಮಾತಿಗೆ ಕೂಡಲೇ ಒಪ್ಪಬಾರದು. ಮದರ್‌ಬೋರ್ಡ್ ತನಗೆ ಸಿಕ್ಕ ಡಿಸ್ಕ್‌ಗಳಲ್ಲಿ ಆಪರೇಟಿಂಗ್ ಸಿಸ್ಟಂ ಆರಂಭಿಸುವ ಭಾಗವನ್ನು ಹುಡುಕಿತು, ಅದು ಸಿಗಲಿಲ್ಲ ಎಂಬುದಷ್ಟೇ ಆ ಸಂದೇಶದ ಅರ್ಥ. ಕೇಬಲ್ ಸಡಿಲವಾಗಿರಬಹುದು, ಸೆಟ್ಟಿಂಗ್ ಬದಲಾಗಿರಬಹುದು, ಡಿಸ್ಕ್ ಕೆಟ್ಟಿರಬಹುದು. ಈ ಮೂರರಲ್ಲಿ ಯಾವುದನ್ನೂ ಫಾರ್ಮ್ಯಾಟ್ ಸರಿಪಡಿಸುವುದಿಲ್ಲ, ಇರುವ ಲೆಕ್ಕವನ್ನು ಮಾತ್ರ ಅಳಿಸುತ್ತದೆ.

ಮೊದಲು ಸಿಕ್ಕಿಸಿರುವ ಪೆನ್‌ಡ್ರೈವ್, ಕಾರ್ಡ್ ರೀಡರ್, ಹೊರಗಿನ ಹಾರ್ಡ್‌ಡಿಸ್ಕ್‌ಗಳನ್ನೆಲ್ಲ ತೆಗೆದು ಮತ್ತೊಮ್ಮೆ ಆನ್ ಮಾಡಿ ನೋಡಿ. ಬೂಟ್ ಕ್ರಮದಲ್ಲಿ, ಅಂದರೆ ಮದರ್‌ಬೋರ್ಡ್ ಡಿಸ್ಕ್‌ಗಳನ್ನು ಹುಡುಕುವ ಸರದಿಯಲ್ಲಿ, ಯುಎಸ್‌ಬಿ ಮುಂದಿದ್ದರೆ, ಯಾರೋ ಬಿಲ್ ಪ್ರಿಂಟ್ ತೆಗೆಯಲು ತಂದು ಮರೆತುಹೋದ ಪೆನ್‌ಡ್ರೈವ್ ಒಂದೇ ಇಷ್ಟೆಲ್ಲ ಗಾಬರಿಗೆ ಕಾರಣವಾಗಿರುವುದುಂಟು. ಅದರಿಂದ ಸರಿಹೋಗದಿದ್ದರೆ ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳ ಪರದೆಯಾದ ಬಯೋಸ್ ಒಳಗೆ ಹೋಗಬೇಕು. ಜೋಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಡಿಲೀಟ್ ಕೀ, ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊದಲ್ಲಿ ಎಫ್1 ಅಥವಾ ಎಫ್2. ಪವರ್ ಬಟನ್ ಒತ್ತಿದ ಕೂಡಲೇ ಈ ಕೀಯನ್ನು ಬಿಟ್ಟು ಬಿಟ್ಟು ಒತ್ತುತ್ತಿರಬೇಕು. ಒಳಗೆ ಡಿಸ್ಕ್‌ಗಳ ಪಟ್ಟಿಯಲ್ಲಿ ನಿಮ್ಮ ಡಿಸ್ಕ್‌ನ ಮಾದರಿ ಸಂಖ್ಯೆ ಇದೆಯೇ ಇಲ್ಲವೇ ಎಂಬ ಒಂದೇ ಪ್ರಶ್ನೆಗೆ ಉತ್ತರ ಬೇಕು. ಹೆಸರು ಇದ್ದರೆ ದೋಷ ಬಹುತೇಕ ಸೆಟ್ಟಿಂಗ್‌ನಲ್ಲಿ ಅಥವಾ ಬೂಟ್ ಕಡತಗಳಲ್ಲಿರುತ್ತದೆ. ಇಲ್ಲದಿದ್ದರೆ ಕೇಬಲ್, ಪವರ್, ಸ್ಲಾಟ್ ಅಥವಾ ಡಿಸ್ಕ್‌ನತ್ತ ನೋಡಬೇಕು. ಈ ಉತ್ತರ ಸಿಗುವವರೆಗೆ ಬೇರೆ ಯಾವ ರಿಪೇರಿಗೂ ಕೈಹಾಕದಿರುವುದು ಒಳಿತು.

ಅದೇ ಪರದೆಯಲ್ಲಿ ದಿನಾಂಕ, ಸಮಯಗಳನ್ನೂ ಗಮನಿಸಿ. ಹಲವು ವರ್ಷ ಹಿಂದಿನ ಯಾವುದೋ ಜನವರಿ 1 ಎಂದು ತೋರಿಸುತ್ತಿದ್ದರೆ ಮದರ್‌ಬೋರ್ಡ್‌ನ ನಾಣ್ಯದಾಕಾರದ ಸೆಲ್ ಮುಗಿದಿದೆ ಎಂದು ತಿಳಿಯಬಹುದು. ಸಂಜೆ ಮಳಿಗೆ ಮುಚ್ಚುವಾಗ ಮೇನ್ ಸ್ವಿಚ್ಚನ್ನೇ ಆಫ್ ಮಾಡುವ ರೂಢಿ ನಮ್ಮಲ್ಲಿದೆ. ವಿದ್ಯುತ್ ಸಂಪರ್ಕವಿರುವಾಗ ಈ ಸೆಲ್ಲಿಗೆ ಹೆಚ್ಚು ಕೆಲಸವಿರುವುದಿಲ್ಲ. ಸಂಪರ್ಕ ತಪ್ಪಿದ ಮೇಲೆ ಗಡಿಯಾರವನ್ನೂ ಹಳೆಯ ಬೋರ್ಡ್‌ಗಳಲ್ಲಿ ಸೆಟ್ಟಿಂಗ್‌ಗಳನ್ನೂ ಅದೇ ಕಾಯಬೇಕು. ಸೆಲ್ ಸತ್ತಾಗ ಬಯೋಸ್ ತನ್ನ ಮೂಲ ಸ್ಥಿತಿಗೆ ಮರಳುತ್ತದೆ, ಬೂಟ್ ಕ್ರಮ ಬದಲಾಗುತ್ತದೆ, ಮದರ್‌ಬೋರ್ಡ್ ಡಿಸ್ಕ್‌ನೊಂದಿಗೆ ವ್ಯವಹರಿಸುವ ವಿಧಾನವಾದ ಸಾಟಾ ಮೋಡ್ ಎಎಚ್‌ಸಿಐ ಇದ್ದದ್ದು ರೇಡ್ ಅಥವಾ ಐಡಿಇ ಆಗಬಹುದು. ಆಗ ಡಿಸ್ಕ್ ಆರೋಗ್ಯವಾಗಿದ್ದರೂ ವಿಂಡೋಸ್ ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆಯಲ್ಲಿ ನಿಲ್ಲುತ್ತದೆ. ಬಹುತೇಕ ಡೆಸ್ಕ್‌ಟಾಪ್‌ಗಳಲ್ಲಿರುವುದು 3 ವೋಲ್ಟಿನ ಸಿಆರ್2032 ಸೆಲ್. ಗಡಿಯಾರ ರಿಪೇರಿ ಅಂಗಡಿಯಲ್ಲಿಯೂ ಸಿಗುತ್ತದೆ. ಪ್ಲಗ್ ತೆಗೆದು, ಪ್ಲಸ್ ಗುರುತು ಮೇಲೆ ಬರುವಂತೆ ಹೊಸ ಸೆಲ್ ಕೂರಿಸಿ, ದಿನಾಂಕ ಸರಿಮಾಡಿ, ಸಾಟಾ ಮೋಡನ್ನು ಮೊದಲಿದ್ದುದಕ್ಕೆ ತಿರುಗಿಸಿ ಸೇವ್ ಮಾಡಬೇಕು. ಮೊದಲು ಯಾವುದಿತ್ತೆಂದು ಗೊತ್ತಿಲ್ಲದಿದ್ದರೆ ಒಂದೊಂದಾಗಿ ಇಟ್ಟು ನೋಡುವುದರಿಂದ ಡೇಟಾಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ, ಆದರೆ ಒಮ್ಮೆಗೆ ಒಂದೇ ಬದಲಾವಣೆ ಮಾಡಬೇಕು ಮತ್ತು ಮಾಡುವ ಮೊದಲು ಮೊಬೈಲಿನಲ್ಲಿ ಆ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಬೇಕು.

ಡಿಸ್ಕ್‌ನ ಹೆಸರು ಕಾಣುತ್ತಿದ್ದೂ ವಿಂಡೋಸ್ ಬಾರದಿದ್ದರೆ ಬೂಟ್ ಪಟ್ಟಿಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಮೊದಲಿಗಿದೆಯೇ ನೋಡಿ. ಆ ಹೆಸರೇ ಇಲ್ಲದಿದ್ದರೆ ಯುಇಎಫ್‌ಐ (ಹೊಸದು) ಮತ್ತು ಲೆಗಸಿ (ಹಳೆಯದು) ಎಂಬ ಬೂಟ್ ವಿಧಾನಗಳ ವ್ಯತ್ಯಾಸವನ್ನು ಪರಿಶೀಲಿಸಬೇಕು. ಹಳೆಯ ಎಂಬಿಆರ್ ವಿನ್ಯಾಸದ ಡಿಸ್ಕ್‌ನಲ್ಲಿರುವ ವಿಂಡೋಸ್‌ಗೆ ಲೆಗಸಿ ಅಥವಾ ಅದನ್ನೇ ಅನುಕರಿಸುವ ಸಿಎಸ್‌ಎಂ ಬೇಕು, ಹೊಸ ಜಿಪಿಟಿ ವಿನ್ಯಾಸದಲ್ಲಿರುವುದಕ್ಕೆ ಯುಇಎಫ್‌ಐ ಬೇಕು. ಸೆಟ್ಟಿಂಗ್ ಅದಲುಬದಲಾದರೆ ಡಿಸ್ಕ್ ಕಣ್ಣೆದುರಿಗಿದ್ದರೂ ಅದರಿಂದ ಬೂಟ್ ಆಗುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವ, ಅಂದರೆ ಕೀ ಇಲ್ಲದೆ ಓದಲಾಗದಂತಿರುವ, ಸಾಧ್ಯತೆ ಹೆಚ್ಚು. ಸೆಕ್ಯೂರ್ ಬೂಟ್‌ನಂಥ ಸೆಟ್ಟಿಂಗ್ ಬದಲಿಸಿದರೆ ಅದು 48 ಅಂಕೆಗಳ ಬಿಟ್‌ಲಾಕರ್ ರಿಕವರಿ ಕೀ ಕೇಳಬಹುದು. ಆ ಕೀ ಸಾಮಾನ್ಯವಾಗಿ ಅದೇ ಖಾತೆಯಲ್ಲಿ ಉಳಿದಿರುತ್ತದೆಯಾದ್ದರಿಂದ, ಬೇರೊಂದು ಫೋನಿನಿಂದ ಅಲ್ಲಿಗೆ ಲಾಗಿನ್ ಆಗಿ ಮೊದಲೇ ಬರೆದುಕೊಳ್ಳುವುದು ಜಾಣತನ.

ಸೆಟ್ಟಿಂಗ್ ಎಲ್ಲ ಸರಿಯಿದೆ ಎಂದಾದರೆ, ಕರೆಂಟು ಹಠಾತ್ತನೆ ಹೋಗಿ ಬೂಟ್ ಕಡತಗಳು ಕೆಟ್ಟಿರಬಹುದು; ಬ್ಯಾಟರಿ ಸತ್ತ ಯುಪಿಎಸ್ ಇಟ್ಟುಕೊಂಡವರಲ್ಲಿ ಇದು ಅಪರೂಪವಲ್ಲ. ಬೇರೆ ಕಂಪ್ಯೂಟರಿನಲ್ಲಿ ಕನಿಷ್ಠ 8 ಜಿಬಿಯ ಪೆನ್‌ಡ್ರೈವ್‌ಗೆ ವಿಂಡೋಸ್ ಇನ್‌ಸ್ಟಾಲೇಶನ್ ಹಾಕಿಕೊಂಡು ಅದರಿಂದ ಬೂಟ್ ಮಾಡಿ, ‘ಇನ್‌ಸ್ಟಾಲ್’ ಒತ್ತದೆ ‘ರಿಪೇರ್ ಯುವರ್ ಕಂಪ್ಯೂಟರ್’ ಆಯ್ದು ‘ಸ್ಟಾರ್ಟ್‌ಅಪ್ ರಿಪೇರ್’ ನಡೆಸಿ. ಅದು ಸೋತರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಬಿಸಿಡಿಬೂಟ್ ಎಂಬ ಆದೇಶ ಬೂಟ್ ಕಡತಗಳನ್ನು ಹೊಸದಾಗಿ ಬರೆಯುತ್ತದೆ. ರಿಪೇರಿ ಪರದೆಯಲ್ಲಿ ನಿಮ್ಮ ಸಿ ಡ್ರೈವ್ ಡಿ ಅಥವಾ ಇ ಎಂದು ಕಾಣಬಹುದು. ಡಿಸ್ಕ್‌ಪಾರ್ಟ್ ಎಂಬ ಇನ್ನೊಂದು ಆದೇಶದಲ್ಲಿ ವಾಲ್ಯೂಮ್‌ಗಳ (ಡ್ರೈವ್‌ಗಳ) ಪಟ್ಟಿ ತೆಗೆದು, ವಿಂಡೋಸ್ ಫೋಲ್ಡರ್ ಯಾವ ಅಕ್ಷರದಡಿ ಇದೆಯೆಂದು ಖಚಿತಪಡಿಸಿಕೊಂಡ ನಂತರವೇ ಆದೇಶ ಕೊಡಬೇಕು.

ಬಯೋಸ್‌ನಲ್ಲಿ ಡಿಸ್ಕ್ ಕಾಣುವುದೇ ಇಲ್ಲವಾದರೆ ಡಬ್ಬ ಬಿಚ್ಚಬೇಕು. ಪ್ಲಗ್ ಕಿತ್ತು, ಉಳಿದ ವಿದ್ಯುತ್ ಹರಿದುಹೋಗಲು ಪವರ್ ಬಟನ್ನನ್ನು ಹತ್ತಿಪ್ಪತ್ತು ಸೆಕೆಂಡು ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನೊಮ್ಮೆ ಮುಟ್ಟಿ ಕೆಲಸ ಆರಂಭಿಸಿ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸುತ್ತಲಿನ ಅಂಗಡಿಗಳ ಕಂಪ್ಯೂಟರುಗಳಲ್ಲಿ ಮಸಿ ಬೆರೆತ ಜಿಗುಟು ಧೂಳು ಇರುತ್ತದೆ, ಚಿತ್ರದುರ್ಗದ ಕಡೆ ಒಣಗಾಳಿ ಹೊತ್ತು ತರುವ ಸಣ್ಣ ಮಣ್ಣು ಇರುತ್ತದೆ. ಎರಡನ್ನೂ ಒದ್ದೆ ಬಟ್ಟೆಯಿಂದಲ್ಲ, ಮೃದುವಾದ ಬ್ರಷ್ಷು ಮತ್ತು ಬ್ಲೋವರಿನಿಂದ ತೆಗೆಯಬೇಕು, ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ತಡೆಯಬೇಕು. ನಂತರ ಸಾಟಾ ಕೇಬಲ್ ನೋಡಿ. ಡೇಟಾ ಕೇಬಲ್ಲಿನಲ್ಲಿ 7 ಸಂಪರ್ಕಗಳು, ಪವರ್ ಕನೆಕ್ಟರಿನಲ್ಲಿ 15. ಎರಡರ ಬಾಯಿಯೂ ಎಲ್ ಆಕಾರದಲ್ಲಿರುವುದರಿಂದ ತಿರುಗುಮುರುಗಾಗಿ ಕೂರುವುದಿಲ್ಲ. ಲೋಹದ ಕ್ಲಿಪ್ ಇಲ್ಲದ ಅಗ್ಗದ ಕೇಬಲ್ ಹೊರನೋಟಕ್ಕೆ ಕೂತಂತಿದ್ದರೂ ಒಂದು ಬದಿ ಕೂದಲೆಳೆಯಷ್ಟು ಎದ್ದಿರುತ್ತದೆ. ಹೊರಳಿಸಿ ನೋಡಿದಾಗಲೇ ಅದು ತಿಳಿಯುವುದು. ಎರಡೂ ತುದಿ ಬಿಚ್ಚಿ ಮತ್ತೆ ಒತ್ತಿ, ಮದರ್‌ಬೋರ್ಡ್‌ನ ಬೇರೆ ಪೋರ್ಟ್‌ಗೆ ಹಾಕಿ, ಸಾಧ್ಯವಾದರೆ ಹೊಸ ಕೇಬಲ್ಲನ್ನೇ ಹಾಕಿ ನೋಡಿ. ಪವರ್ ಕನೆಕ್ಟರ್ ಕನ್ವರ್ಟರ್ ಮೂಲಕ ಬಂದಿದ್ದರೆ ನನ್ನ ಮೊದಲ ಅನುಮಾನ ಆ ಕನ್ವರ್ಟರಿನ ಮೇಲೆ.

ಮದರ್‌ಬೋರ್ಡ್‌ಗೆ ನೇರವಾಗಿ ಕೂರುವ ಪಟ್ಟಿಯಾಕಾರದ ಎಂ.2 ಎಸ್‌ಎಸ್‌ಡಿ ಇದ್ದರೆ ಅದನ್ನು ತೆಗೆದು, ಓರೆಯಾಗಿ ಸ್ಲಾಟಿಗೆ ತಳ್ಳಿ, ಕೆಳಕ್ಕೊತ್ತಿ ಸ್ಕ್ರೂ ಬಿಗಿಯಬೇಕು. ಎಂ.2 ಎಂಬುದು ಆಕಾರದ ಹೆಸರು ಮಾತ್ರ. ಅದರೊಳಗೆ ಸಾಟಾ, ಎನ್‌ವಿಎಂಇ ಎಂಬ ಎರಡು ಬಗೆಗಳಿದ್ದು, ಕೆಲವು ಸ್ಲಾಟ್‌ಗಳು ಒಂದನ್ನು ಮಾತ್ರ ಗುರುತಿಸುತ್ತವೆ. ಕೆಲವು ಮದರ್‌ಬೋರ್ಡ್‌ಗಳಲ್ಲಿ ಎಂ.2 ಹಾಕಿದೊಡನೆ ಒಂದೆರಡು ಸಾಟಾ ಪೋರ್ಟ್‌ಗಳು ತಾವಾಗಿಯೇ ನಿಷ್ಕ್ರಿಯವಾಗುತ್ತವೆ. ಹೊಸ ಎಸ್‌ಎಸ್‌ಡಿ ಹಾಕಿಸಿದ ಮರುದಿನದಿಂದ ಹಳೆಯ ಡಿಸ್ಕ್ ಕಾಣೆಯಾಗಿದ್ದರೆ ಮೊದಲು ಇದನ್ನೇ ಮ್ಯಾನುಯಲ್‌ನಲ್ಲಿ ನೋಡಬೇಕು. ಇಂಟೆಲ್ 11ನೇ ಪೀಳಿಗೆಯ ಮತ್ತು ನಂತರದ ಹಲವು ಲ್ಯಾಪ್‌ಟಾಪ್‌ಗಳಲ್ಲಿ, ಡಿಸ್ಕ್‌ಗಳನ್ನು ನಿರ್ವಹಿಸುವ ವಿಎಂಡಿ ಎಂಬ ಬಯೋಸ್ ಸೆಟ್ಟಿಂಗ್ ಆನ್ ಆಗಿದ್ದರೆ ವಿಂಡೋಸ್ ಇನ್‌ಸ್ಟಾಲ್ ಮಾಡುವ ಪರದೆಯಲ್ಲಿ ಡಿಸ್ಕ್ ಕಾಣದೇ ಹೋಗಬಹುದು. ಆಗ ಲ್ಯಾಪ್‌ಟಾಪ್ ಕಂಪನಿ ಕೊಡುವ ಇಂಟೆಲ್ ಸ್ಟೋರೇಜ್ ಡ್ರೈವರ್ ಲೋಡ್ ಮಾಡಬೇಕೇ ಹೊರತು ಡಿಸ್ಕ್ ಕೆಟ್ಟಿದೆ ಎಂದು ಬದಲಿಸಬೇಕಾಗಿಲ್ಲ.

ಇಷ್ಟಾದರೂ ಕಾಣದ ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಅಡಾಪ್ಟರ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ನೋಡಬೇಕು. ಅಲ್ಲಿ ವಿಂಡೋಸ್ ‘ಫಾರ್ಮ್ಯಾಟ್ ಮಾಡಬೇಕೇ’, ‘ಇನಿಶಿಯಲೈಸ್ ಮಾಡಬೇಕೇ’ ಎಂದು ಕೇಳಿದರೆ ಎರಡಕ್ಕೂ ಕ್ಯಾನ್ಸಲ್ ಎನ್ನಿ. ಫೋಲ್ಡರ್‌ಗಳು ತೆರೆದರೆ ಮೊದಲು ಟ್ಯಾಲಿಯ ಡೇಟಾ ಫೋಲ್ಡರನ್ನು ನಕಲು ಮಾಡಿಕೊಳ್ಳಿ. ಟ್ಯಾಲಿಪ್ರೈಮ್‌ನಲ್ಲಿ ಅದು ಸಾಮಾನ್ಯವಾಗಿ ಯೂಸರ್ಸ್ ಒಳಗಿನ ಪಬ್ಲಿಕ್ ಫೋಲ್ಡರಿನಲ್ಲಿರುತ್ತದೆ. ನುಡಿ ತಂತ್ರಾಂಶದಲ್ಲಿ ಮಾಡಿದ ಪತ್ರಗಳು, ಫೋಟೊಗಳು ಆಮೇಲೆ. ನಕಲು ಮುಗಿದ ನಂತರ ಕ್ರಿಸ್ಟಲ್‌ಡಿಸ್ಕ್‌ಇನ್ಫೊದಂಥ ತಂತ್ರಾಂಶದಲ್ಲಿ ಡಿಸ್ಕ್‌ನ ಆರೋಗ್ಯ ತಿಳಿಸುವ ಸ್ಮಾರ್ಟ್ ವರದಿ ನೋಡಿ. ಹಾರ್ಡ್‌ಡಿಸ್ಕ್‌ನಲ್ಲಿ 05 ಅಥವಾ ಸಿ5 ಸಾಲಿನ ಎಣಿಕೆ ದಿನೇದಿನೇ ಏರುತ್ತಿದ್ದರೆ ಡಿಸ್ಕ್‌ನ ಮೇಲ್ಮೈ ಹಾಳಾಗುತ್ತಿದೆ ಎಂದರ್ಥ. ಸಿ7 ಮಾತ್ರ ಏರಿದ್ದರೆ ತಪ್ಪು ಹೆಚ್ಚಾಗಿ ಕೇಬಲ್ಲಿನದು.

ಹಾರ್ಡ್‌ಡಿಸ್ಕ್ ಟಕ್ ಟಕ್ ಎಂದು ಒಂದೇ ಲಯದಲ್ಲಿ ಸದ್ದು ಮಾಡುತ್ತಿದ್ದರೆ ಈ ಯಾವ ಪ್ರಯೋಗವನ್ನೂ ಮಾಡದೆ ಕೂಡಲೇ ಆಫ್ ಮಾಡಬೇಕು. ಓದುವ ಹೆಡ್ ಕೆಟ್ಟಾಗ ಬರುವ ಸದ್ದು ಅದು. ಪ್ರತಿ ಸಲ ಆನ್ ಮಾಡಿದಾಗಲೂ ತಟ್ಟೆಯ ಮೇಲೆ ಗೀರು ಬೀಳುವ ಅಪಾಯವಿದೆ. ಫ್ರಿಜ್‌ನಲ್ಲಿಟ್ಟು ತೆಗೆದರೆ ಸರಿಹೋಗುತ್ತದೆ ಎಂಬ ಮಾತನ್ನು ನಂಬಬೇಡಿ, ಒಳಗೆ ತೇವ ಕಟ್ಟಿ ಉಳಿದದ್ದೂ ಹೋಗುತ್ತದೆ. ಡಿಸ್ಕ್‌ನ ಮುಚ್ಚಳ ಬಿಚ್ಚುತ್ತೇವೆ ಎನ್ನುವವರಿಗೆ, ಧೂಳಿಲ್ಲದ ವಿಶೇಷ ಕೊಠಡಿ ಇರುವವರಲ್ಲದಿದ್ದರೆ, ಕೊಡಬಾರದು. ವಾರಂಟಿ ಇನ್ನೂ ಉಳಿದಿದ್ದರೆ ಕಂಪನಿಯವರು ಡಿಸ್ಕ್ ಬದಲಿಸಿಕೊಡುತ್ತಾರೆಯೇ ಹೊರತು ಅದರೊಳಗಿನ ಲೆಕ್ಕವನ್ನಲ್ಲ, ಮತ್ತು ಹಳೆಯದು ಸಾಮಾನ್ಯವಾಗಿ ಹಿಂದಿರುಗುವುದಿಲ್ಲ. ಆದ್ದರಿಂದ ಡೇಟಾ ಬೇಕಿದ್ದವರು ರಿಕವರಿ ಮುಗಿಸಿಕೊಂಡ ನಂತರವೇ ವಾರಂಟಿಗೆ ಕಳುಹಿಸಬೇಕು. ರಿಕವರಿಗಾಗಿ ಡಿಸ್ಕ್ ಬಿಚ್ಚಿದರೆ ವಾರಂಟಿ ಉಳಿಯುತ್ತದೆಯೇ ಎಂಬುದನ್ನು ಅದಕ್ಕೂ ಮೊದಲೇ ಕಂಪನಿಯಲ್ಲಿ ಕೇಳಿ, ಡಿಸ್ಕ್‌ನ ಚೀಟಿಯಲ್ಲಿರುವ ಸೀರಿಯಲ್ ಸಂಖ್ಯೆಯನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆದಿಟ್ಟುಕೊಂಡು ಕೊಡಿ.