ಸೀರೆ, ಸಾರಿನ ಪುಡಿ, ಆರಂಕಿ: ವಿದೇಶಿ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಳ್ಳದಿರಲು

ಈಗ ಪೆಟ್ಟಿಗೆ ವಿಮಾನ ಹತ್ತುವ ಮೊದಲೇ ಅದರ ವಿವರ ಆಚೆ ದೇಶದ ಕಸ್ಟಮ್ಸ್‌ನ ಕಂಪ್ಯೂಟರ್ ಸೇರಿರಬೇಕು. ಯುರೋಪ್ ಒಕ್ಕೂಟದಲ್ಲಿ 2021ರ ಮಾರ್ಚ್ 15ರಿಂದ ಅಂಚೆಗೂ ಈ ನಿಯಮ ಇದೆ. ಹಾಗಾಗಿ ಕೌಂಟರ್‌ನಲ್ಲಿ ಟೈಪ್ ಆಗಿದ್ದೇ ಲೆಕ್ಕ. ಆಮೇಲೆ ಫಾರಂ ಮೇಲೆ ಪೆನ್ನಿನಲ್ಲಿ ತಿದ್ದಿದರೆ ಕಾಗದ ಒಂದು ಹೇಳುತ್ತದೆ, ಕಂಪ್ಯೂಟರ್ ಇನ್ನೊಂದು ಹೇಳುತ್ತದೆ. ಪೆಟ್ಟಿಗೆ ಅಲ್ಲೇ ನಿಲ್ಲುತ್ತದೆ.

ಆ ವಿವರದಲ್ಲಿ ಮುಖ್ಯವಾದದ್ದು ಎಚ್‌ಎಸ್ ಕೋಡ್, ಅಂದರೆ ವಸ್ತು ಯಾವುದೆಂದು ಕಸ್ಟಮ್ಸ್‌ಗೆ ತಿಳಿಸುವ ಸಂಖ್ಯೆ. ಅದರ ಮೊದಲ ಆರು ಅಂಕಿ ಜಗತ್ತಿಗೆಲ್ಲ ಒಂದೇ. ಭಾರತದ ಎಂಟಂಕಿಯಲ್ಲಿ ಕೊನೆಯ ಎರಡು ನಮ್ಮವು. ಜಿಎಸ್‌ಟಿ ಬಿಲ್‌ನಲ್ಲಿರುವ ಎಚ್‌ಎಸ್‌ಎನ್ ಕೂಡ ಇದೇ ಪಟ್ಟಿಯದು, ಆದರೆ ಚಿಕ್ಕ ಅಂಗಡಿಯ ಬಿಲ್‌ನಲ್ಲಿ ಹಲವು ಸಲ ನಾಲ್ಕೇ ಅಂಕಿ ಇರುತ್ತವೆ. ಅದಕ್ಕೆ ಎರಡು ಸೊನ್ನೆ ಅಂಟಿಸಿಬಿಡಬೇಡಿ. ಖಾರದ ಪುಡಿ 0904 22. 0904 00 ಎಂಬ ಕೋಡೇ ಇಲ್ಲ. ಇನ್ನೊಂದು ಎಡವಟ್ಟು ಎಕ್ಸೆಲ್‌ನದು: ಅರಿಶಿನದ 091030 ಅನ್ನು ಅಲ್ಲಿ ಟೈಪ್ ಮಾಡಿದರೆ ಮುಂದಿನ ಸೊನ್ನೆ ಹಾರಿ 91030 ಉಳಿಯುತ್ತದೆ. ಆ ಕಾಲಮ್ಮನ್ನು ಮೊದಲೇ ‘ಟೆಕ್ಸ್ಟ್’ ಮಾಡಿಕೊಳ್ಳಿ.

ಹೆಚ್ಚು ಜನ ಎಡವುವುದು ಬಟ್ಟೆಯಲ್ಲಿ. ಸೀರೆ ಉಡುಪೇ ಆದರೂ ಹೊಲಿಯದ ಕಾರಣ ಪಟ್ಟಿಯಲ್ಲಿ ಅದು ಬರೀ ಬಟ್ಟೆ. ಅಪ್ಪಟ ರೇಷ್ಮೆ ಸೀರೆ 5007 20. ಜೊತೆಗೆ ಹೊಲಿದ ರೇಷ್ಮೆ ಕುಪ್ಪಸ ಇಟ್ಟರೆ ಅದು 6206 10, ಬೇರೆ ಸಾಲಿನಲ್ಲಿ ಬರೆಯಬೇಕು. ಆರ್ಟ್ ಸಿಲ್ಕ್ ಸೀರೆಗೆ 5007 ಹಾಕಿದರೆ ತಪ್ಪು. ಅದು ಕೃತಕ ನೂಲು. ಹತ್ತಿಯ ಟೀ ಶರ್ಟ್ ಹೆಣಿಗೆ, ಹಾಗಾಗಿ 6109 10. ಗಂಡಸರ ನೇಯ್ದ ಹತ್ತಿ ಅಂಗಿ 6205 20. ಊದುಬತ್ತಿ 3307 41, ಮೈಗೆ ಹಚ್ಚುವ ಸೋಪು 3401 11, ಹುರಿದ ಕಾಫಿ ಪುಡಿ 0901 21. ಸಾರಿನ ಪುಡಿ ಬರೀ ಮಸಾಲೆಗಳ ಮಿಶ್ರಣವಾದರೆ 0910 91.

ವಿವರಣೆಯಲ್ಲಿ ‘ಗಿಫ್ಟ್’, ‘ಕ್ಲೋತ್ಸ್’, ‘ಫುಡ್’ ಎಂದಷ್ಟೇ ಬರೆದರೆ ಯಂತ್ರವೇ ತಿರಸ್ಕರಿಸಬಹುದು. ಗಿಫ್ಟ್ ಎನ್ನುವುದು ಕಳಿಸುವ ಕಾರಣ, ವಸ್ತುವಿನ ಹೆಸರಲ್ಲ. ಅದಕ್ಕೆ ಫಾರಂನಲ್ಲಿ ಬೇರೆಯೇ ಚೌಕ ಇದೆ. ‘ರೇಷ್ಮೆ ಸೀರೆ, ಮಹಿಳೆಯರದು, 1’ ಎಂಬಷ್ಟು ವಿವರ ಇಂಗ್ಲಿಷಿನಲ್ಲಿ ಬೇಕು. ಬೆಲೆ ಸೊನ್ನೆ ಹಾಕಬೇಡಿ. ವಸ್ತುಗಳ ತೂಕ ಕೂಡಿದರೆ ಪೆಟ್ಟಿಗೆಯ ಒಟ್ಟು ತೂಕಕ್ಕಿಂತ ಕಡಿಮೆ ಬರಬೇಕು, ಡಬ್ಬಕ್ಕೂ ತೂಕವಿದೆಯಲ್ಲ! ಮೂಲ ದೇಶ ಎಂದರೆ ಕೊಂಡ ಊರಲ್ಲ, ತಯಾರಾದ ದೇಶ: ಚಿಕ್ಕಪೇಟೆಯಲ್ಲಿ ಕೊಂಡ ಚೀನಾ ಆಟಿಕೆಗೆ ಚೀನಾ ಎಂದೇ ಬರೆಯಬೇಕು. ಅಮೆರಿಕದಲ್ಲಿ 800 ಡಾಲರ್‌ವರೆಗಿನ ವಸ್ತುಗಳಿಗಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ನಿಂತ ಮೇಲೆ ಮೂಲ ದೇಶದ ಈ ಒಂದು ಸಾಲಿನ ಮಹತ್ವ ಹೆಚ್ಚಿದೆ.

ಕೋಡ್ ಸರಿಯಿದ್ದ ಮಾತ್ರಕ್ಕೆ ವಸ್ತು ಒಳಗೆ ಹೋಗುತ್ತದೆಂದಲ್ಲ. ಯುರೋಪ್ ಒಕ್ಕೂಟಕ್ಕೆ ತುಪ್ಪದ ಡಬ್ಬಿ ಕಳಿಸಿದರೆ ಹಾಲಿನ ಪದಾರ್ಥವೆಂದು ತಡೆಯುತ್ತಾರೆ.

ಇನ್ನು ಲೇಬಲ್. ಪಾರ್ಸೆಲ್‌ಗೆ ಸುತ್ತಿ ಹೊಲಿದ ಬಿಳಿ ಬಟ್ಟೆಯ ಮೇಲೆ ಅದು ನಿಲ್ಲುವುದಿಲ್ಲ, ದಾರಿಯಲ್ಲೇ ಉದುರುತ್ತದೆ. ಗಟ್ಟಿ ರಟ್ಟಿನ ಪೆಟ್ಟಿಗೆಯ ಅಗಲವಾದ ಮುಖದ ಮೇಲೆ ಅಂಟಿಸಿ. ಮೂಲೆಗೆ ಮಡಚಿದ ಬಾರ್‌ಕೋಡ್ ಓದಲು ಬರುವುದಿಲ್ಲ. ಬಾರ್‌ಕೋಡ್ ಮೇಲೆ ಹೊಳೆಯುವ ಟೇಪ್ ಬೇಡ, ಅಂಚುಗಳಿಗಷ್ಟೇ ಸಾಕು. ಹಳೆಯ ಪೆಟ್ಟಿಗೆಯಾದರೆ ಹಿಂದಿನ ಬಾರ್‌ಕೋಡ್‌ಗಳನ್ನೆಲ್ಲ ಕಿತ್ತುಹಾಕಿ, ಇಲ್ಲದಿದ್ದರೆ ವಿಂಗಡಿಸುವ ಯಂತ್ರ ಯಾವುದನ್ನು ಓದೀತೋ. ಟ್ರ್ಯಾಕಿಂಗ್ ಸಂಖ್ಯೆಯಲ್ಲಿ ಎರಡು ಅಕ್ಷರ, ಒಂಬತ್ತು ಅಂಕಿ, ದೇಶದ ಎರಡು ಅಕ್ಷರ ಇರುತ್ತವೆ. ಒಂಬತ್ತನೆಯದು ತಾಳೆ ನೋಡುವ ಅಂಕಿ. ರಸೀದಿಯಲ್ಲೂ ಪೆಟ್ಟಿಗೆಯಲ್ಲೂ ಇಡೀ ಸಂಖ್ಯೆ ಒಂದೇ ಇದೆಯೇ ಎಂದು ಕೌಂಟರ್ ಬಿಡುವ ಮೊದಲು ನೋಡಿ.

ಪಾರ್ಸೆಲ್‌ಗೆ ಸಿಎನ್ 23 ಎಂಬ ಕಸ್ಟಮ್ಸ್ ಘೋಷಣೆಯ ಫಾರಂ ಬೇಕು. 2 ಕೆಜಿ ಒಳಗಿನ ಸಣ್ಣ ಪ್ಯಾಕೆಟ್‌ಗೆ, ಬೆಲೆಯೂ ಕಡಿಮೆಯಿದ್ದರೆ, ಅದರ ಚಿಕ್ಕ ರೂಪವಾದ ಸಿಎನ್ 22 ಸಾಕು. ಸಹಿ, ತಾರೀಖು ಮರೆಯಬೇಡಿ. ಪಡೆಯುವವರ ಫೋನ್ ಸಂಖ್ಯೆಯನ್ನು ದೇಶದ ಕೋಡ್ ಸಮೇತ ಬರೆಯಿರಿ; ಸುಂಕ ಕಟ್ಟಲು ಕರೆ ಅವರಿಗೇ ಹೋಗುವುದು. ತಲುಪದಿದ್ದರೆ ವಾಪಸ್ಸೋ, ಅಲ್ಲೇ ಬಿಡುವುದೋ ಎಂಬ ಆಯ್ಕೆ ಇದ್ದರೆ ಯೋಚಿಸಿ ಗುರುತು ಹಾಕಿ. ವಾಪಸ್ ಬಂದರೆ ಅದರ ಖರ್ಚು ಕಳಿಸಿದವರ ತಲೆಗೇ ಬೀಳಬಹುದು. ಎರಡು ಪೊಟ್ಟಣ ಸಾರಿನ ಪುಡಿಗೆ ಅಷ್ಟು ತೆರುವ ಅಗತ್ಯವಿಲ್ಲ.